ಆಶ್ರಯದಾನದಲ್ಲಿ ದೇಶ, ಕಾಲ, ಪಾತ್ರ: ಕೋಲ್ಕತ ನಗರ ಕಲಿಸುವ ಪಾಠ

(ಶಾಖಾಮಠದ ವಾರ್ಷಿಕೋತ್ಸವದ ಸಂದರ್ಭದಲ್ಲಿ ನೀಡಿದ ಉಪನ್ಯಾಸದ ಪಾಠ)



ಅನ್ನದಾನ, ವಿದ್ಯಾದಾನ, ಗೋದಾನಗಳ ಮಹಿಮೆಯನ್ನು ಎಲ್ಲರೂ ಬಲ್ಲರು. ಆಶ್ರಯದಾನದ ಮಾತು ಮಾತ್ರ ವೇದಿಕೆಗಳಲ್ಲಿ ವಿರಳವಾಗಿ ಕೇಳಿಬರುತ್ತದೆ. ಹಾಗೆಂದು ಅದು ಕನ್ನಡ ನಾಡಿಗೆ ಅಪರಿಚಿತವಾದ ಧರ್ಮವೇನಲ್ಲ. ತೀರ್ಥಕ್ಷೇತ್ರಗಳ ಮಾರ್ಗದುದ್ದಕ್ಕೂ ಪುಣ್ಯವಂತರು ಛತ್ರಗಳನ್ನು ಕಟ್ಟಿಸಿದರು, ಅರವಟ್ಟಿಗೆಗಳನ್ನು ಇರಿಸಿದರು. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರವು 1903ರಲ್ಲಿ ಬಾಗಿಲು ತೆರೆಯಿತು. ಊರಿನಿಂದ ಬಂದಿಳಿದ ಎಷ್ಟೋ ತಲೆಮಾರುಗಳ ಯಾತ್ರಿಕರಿಗೂ ವಿದ್ಯಾರ್ಥಿಗಳಿಗೂ ಅವರ ಧರ್ಮವು ನೆರಳಾಯಿತು.

ಆದರೆ ಛತ್ರಕ್ಕೆ ಬರುವವನು ಯಾತ್ರಿಕ. ಆತನಿಗೆ ಹಿಂದೆ ಒಂದು ಮನೆಯಿದೆ, ಮುಂದೆ ಒಂದು ಗಮ್ಯವಿದೆ. ನಡುವಿನ ಒಂದೆರಡು ರಾತ್ರಿಗಳಿಗೆ ಮಾತ್ರ ಅವನಿಗೆ ಚಾವಡಿ ಬೇಕು. ಹಿಂದೆ ಮನೆಯೂ ಇಲ್ಲದ, ಮುಂದೆ ಗಮ್ಯವೂ ಕಾಣದ ಮನುಷ್ಯನು ಬಾಗಿಲಲ್ಲಿ ನಿಂತರೆ ಏನು ಮಾಡಬೇಕು? ಒಂದು ರಾತ್ರಿಯ ನಂತರ ಆತನನ್ನು ಎಲ್ಲಿಗೆ ಕಳುಹಿಸಬೇಕು? ಈ ಪ್ರಶ್ನೆಯನ್ನು ಭಾರತದ ಯಾವ ನಗರವೂ ಕೋಲ್ಕತದಷ್ಟು ತೀವ್ರವಾಗಿ ಎದುರಿಸಿರಲಾರದು. ಆ ನಗರವು ಕಂಡುಕೊಂಡ ಉತ್ತರಗಳಲ್ಲಿ ತಪ್ಪಿದ್ದು ಎಷ್ಟು, ಸರಿಹೋದದ್ದು ಎಷ್ಟು ಎಂಬುದನ್ನು ವಿಚಾರಿಸುವುದೇ ಇಂದಿನ ಉಪನ್ಯಾಸದ ಉದ್ದೇಶ.

ಈ ವಿಚಾರಕ್ಕೆ ಒಂದು ಅಳತೆಗೋಲು ಬೇಕಷ್ಟೆ. ಭಗವದ್ಗೀತೆಯ 17ನೆಯ ಅಧ್ಯಾಯದಲ್ಲಿ ಅದು ಸಿದ್ಧವಾಗಿಯೇ ದೊರೆಯುತ್ತದೆ. ಪ್ರತಿಫಲದ ಆಸೆಯಿಲ್ಲದೆ, ಯೋಗ್ಯವಾದ ಸ್ಥಳದಲ್ಲಿ, ಯೋಗ್ಯವಾದ ಕಾಲದಲ್ಲಿ, ಯೋಗ್ಯನಾದವನಿಗೆ ಕೊಡುವುದು ಸಾತ್ತ್ವಿಕ ದಾನವೆಂದು ಅಲ್ಲಿ ಹೇಳಿದೆ. ಸತ್ಕಾರವಿಲ್ಲದೆ, ಪಡೆಯುವವನನ್ನು ಹೀನೈಸಿ ಕೊಟ್ಟದ್ದು ತಾಮಸವೆಂದೂ ಎಚ್ಚರಿಸಿದೆ. ದೇಶ, ಕಾಲ, ಪಾತ್ರ, ಸತ್ಕಾರ ಎಂಬ ಈ ನಾಲ್ಕನ್ನು ಸಾಮಾನ್ಯವಾಗಿ ಯಜ್ಞಶಾಲೆಯ, ಕ್ಷೇತ್ರದ, ಪರ್ವಕಾಲದ ದಾನಗಳಿಗೆ ಅನ್ವಯಿಸುವುದುಂಟು. ಬೀದಿಬದಿಯಲ್ಲಿ ಮಲಗಿದವನ ವಿಷಯದಲ್ಲಿಯೂ ಅವು ಅಷ್ಟೇ ಸಮರ್ಪಕವಾಗಿ ಅನ್ವಯಿಸುತ್ತವೆ.

ಮೊದಲು ಪಾತ್ರದ ವಿಚಾರ. ಕೋಲ್ಕತದ ಬೀದಿಯಲ್ಲಿ ಮಲಗುವವರು ಯಾರು? 2011ರ ಜನಗಣತಿಯವರು ಫೆಬ್ರವರಿ 28ರ ರಾತ್ರಿ ದೇಶದಾದ್ಯಂತ ಸೂರಿಲ್ಲದವರನ್ನು ಎಣಿಸಿದರು. ದೇಶದಲ್ಲಿ ಅಂಥವರ ಸಂಖ್ಯೆ ಸುಮಾರು 17.7 ಲಕ್ಷವೆಂದು ತಿಳಿದುಬಂತು. ಕೋಲ್ಕತ ನಗರವೊಂದರಲ್ಲಿಯೇ ಅದು ಸುಮಾರು 70 ಸಾವಿರ. ಇವರೆಲ್ಲರೂ ಭಿಕ್ಷುಕರು, ಸೋಮಾರಿಗಳು ಎಂಬುದು ಬಹುಜನರ ಭಾವನೆ. ವಾಸ್ತವವು ಬೇರೆ. ಇವರಲ್ಲಿ ಬಹುಮಂದಿ ದುಡಿಯುವವರು. ಬಡಾಬಜಾರಿನಲ್ಲಿ ಮೂಟೆ ಹೊರುವವರು, ಕೈಗಾಡಿ ತಳ್ಳುವವರು, ಚಿಂದಿ ಆಯುವವರು, ಮನೆಗೆಲಸಕ್ಕೆ ಹೋಗುವ ಹೆಂಗಸರು ಇವರಲ್ಲಿದ್ದಾರೆ. ದಕ್ಷಿಣ 24 ಪರಗಣ ಜಿಲ್ಲೆಯ ಹಳ್ಳಿಗಳಿಂದ ಲೋಕಲ್ ರೈಲು ಹಿಡಿದು ಬಂದು, ಪಾದಚಾರಿ ಮಾರ್ಗದ ಮೇಲೆಯೇ ಮಕ್ಕಳು ಮೊಮ್ಮಕ್ಕಳನ್ನು ಕಂಡ ಕುಟುಂಬಗಳೂ ಇವೆ. ಬೀದಿಯ ಕೊಳವೆಗಳಲ್ಲಿ ಹರಿಯುವ ಹೂಗ್ಲಿ ನದಿಯ ನೀರೇ ಇವರ ಸ್ನಾನಕ್ಕೆ. ಒಂದು ಪ್ಲಾಸ್ಟಿಕ್ ಹಾಳೆಯೇ ಸೂರು. ಮುಚ್ಚಿದ ಅಂಗಡಿಯ ಜಗಲಿಯೇ ಮಂಚ.

ಇವರು ಬೀದಿಯನ್ನು ಬಿಟ್ಟು ಊರ ಹೊರಗಿನ ಕಟ್ಟಡಕ್ಕೆ ಹೋಗಲು ಏಕೆ ಒಪ್ಪುವುದಿಲ್ಲ ಎಂದು ಅಧಿಕಾರಿಗಳು ಆಶ್ಚರ್ಯಪಡುವುದುಂಟು. ಕಾರಣವು ಸರಳವಾಗಿದೆ. ಮುಂಜಾನೆ ನಾಲ್ಕಕ್ಕೆ ಲಾರಿ ಬಂದು ನಿಲ್ಲುವ ಸ್ಥಳದಲ್ಲಿಯೇ ಮೂಟೆ ಹೊರುವವನು ಇರಬೇಕು. ಎರಡು ಹರದಾರಿ ದೂರದಲ್ಲಿ ಮಲಗಿದರೆ ಅಂದಿನ ಕೂಲಿ ಮತ್ತೊಬ್ಬನ ಪಾಲು. ಬೀದಿಯ ಚಹಾದಂಗಡಿಯವನು ಸಾಲ ಕೊಡುತ್ತಾನೆ; ಪಕ್ಕದ ಕುಟುಂಬವು ಮಗುವನ್ನು ನೋಡಿಕೊಳ್ಳುತ್ತದೆ. ಹೊರಗಿನವರ ಕಣ್ಣಿಗೆ ಅದು ಬರಿಯ ಕಲ್ಲುಹಾಸು. ಅಲ್ಲಿರುವವನಿಗೆ ಅದೇ ಜೀವನೋಪಾಯ, ಅದೇ ನೆರೆಹೊರೆ. ಕೈರಿಕ್ಷಾ ಎಳೆಯುವ ಬಿಹಾರ, ಜಾರ್ಖಂಡಗಳ ಶ್ರಮಿಕರು ಇದನ್ನರಿತೇ ಡೇರಾ ಎಂಬ ವ್ಯವಸ್ಥೆಯನ್ನು ರೂಢಿಸಿಕೊಂಡರು. ರಿಕ್ಷಾಗಳನ್ನು ನಿಲ್ಲಿಸುವ ಕೊಟ್ಟಿಗೆಯಲ್ಲಿಯೇ ಒಟ್ಟಾಗಿ ಅಡುಗೆ, ಊಟ, ನಿದ್ರೆ. ಸೌಕರ್ಯವು ಅತ್ಯಲ್ಪ, ಆದರೆ ದುಡಿಮೆ ಮತ್ತು ಆಸರೆ ಎರಡೂ ಒಂದೆಡೆ ಇವೆ.

ಎರಡನೆಯದು ದೇಶದ ವಿಚಾರ. ಇಲ್ಲಿ ಕೋಲ್ಕತದ ಇತಿಹಾಸವು ಕಹಿಯಾದ ಪಾಠವನ್ನು ಕಲಿಸುತ್ತದೆ. 1943ರ ಬಂಗಾಳದ ಕ್ಷಾಮದಲ್ಲಿ ಮಡಿದವರ ಸಂಖ್ಯೆಯನ್ನು ಇತಿಹಾಸಕಾರರು 30 ಲಕ್ಷದವರೆಗೂ ಅಂದಾಜು ಮಾಡಿದ್ದಾರೆ. ಆ ವರ್ಷದ ಮಳೆಗಾಲದಿಂದ ಹಳ್ಳಿಗರು ಗುಂಪುಗುಂಪಾಗಿ ಕಲ್ಕತ್ತೆಗೆ ಬಂದರು. ಅನ್ನ ಕೇಳುವ ಧೈರ್ಯವೂ ಉಡುಗಿ, ಅನ್ನ ಬಸಿದ ಗಂಜಿಯನ್ನಾದರೂ ಕೊಡಿರೆಂದು ಮನೆಮನೆಯ ಮುಂದೆ ಮೊರೆಯಿಟ್ಟರು. ಆಗಸ್ಟ್ 22ರಂದು ಸ್ಟೇಟ್ಸ್‌ಮನ್ ಪತ್ರಿಕೆಯು ಬೀದಿಯಲ್ಲಿ ಬಿದ್ದವರ ಛಾಯಾಚಿತ್ರಗಳನ್ನು ಪ್ರಕಟಿಸಿದ ಮೇಲೆ ಹೊರಜಗತ್ತು ಎಚ್ಚೆತ್ತಿತು. ಗಂಜಿಕೇಂದ್ರಗಳು ತೆರೆದವು, ಸೇವಾಸಂಸ್ಥೆಗಳು ಶಕ್ತಿಮೀರಿ ದುಡಿದವು. ಆದರೆ ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ಸರ್ಕಾರವು ಸುಗ್ರೀವಾಜ್ಞೆಯೊಂದನ್ನು ಹೊರಡಿಸಿ, ನಗರದಲ್ಲಿದ್ದ ನಿರ್ಗತಿಕರನ್ನು ಹಿಡಿದು ಲಾರಿಗಳಲ್ಲಿ ಹೊರಗಿನ ಶಿಬಿರಗಳಿಗೆ ಸಾಗಿಸತೊಡಗಿತು. ಒಪ್ಪಿಗೆಯನ್ನು ಕೇಳಲಿಲ್ಲ. ಗಂಜಿ ತರಲು ಹೋದ ತಾಯಿ ಒಂದೆಡೆ, ಮರದ ಕೆಳಗೆ ಕಾಯುತ್ತಿದ್ದ ಮಗು ಇನ್ನೊಂದೆಡೆ ಆಗುವಂಥ ಅಗಲಿಕೆಗಳು ನಡೆದವು. ಶಿಬಿರವನ್ನು ಕಂಡರೆ ಹಸಿದವರೇ ಓಡಿ ಅಡಗುವ ಸ್ಥಿತಿ ಬಂತು. ಕೊಟ್ಟದ್ದು ಅನ್ನವೇ ಆದರೂ ದೇಶವೂ ಸತ್ಕಾರವೂ ತಪ್ಪಿದ ದಾನವು ಹೇಗಿರುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಅಲೆಮಾರಿಗಳನ್ನು ಬಂಧಿಸಿಡಲು ಅವಕಾಶ ಕೊಡುವ ಬಂಗಾಳದ ಕಾಯಿದೆಯೂ ಅದೇ 1943ರದೆಂಬುದು ಗಮನಾರ್ಹ.

ನಾಲ್ಕು ವರ್ಷಗಳ ನಂತರ ದೇಶವು ವಿಭಜನೆಯಾಯಿತು. ಪೂರ್ವಬಂಗಾಳದಿಂದ ಬಂದ ಕುಟುಂಬಗಳು ಸಿಯಾಲ್ದಾ ರೈಲು ನಿಲ್ದಾಣದ ಪ್ಲಾಟ್‌ಫಾರಂಗಳ ಮೇಲೆಯೇ ವಾಸಹೂಡಿದವು. ಅವರ ಮುಂದಿನ ಬದುಕು ಎರಡು ದಾರಿಗಳಲ್ಲಿ ಸಾಗಿತು. ಕೆಲವರು ನಗರದ ದಕ್ಷಿಣದ ಅಂಚಿನಲ್ಲಿ, ಯುದ್ಧಕಾಲದ ತೆರವಾದ ಸೈನಿಕ ಶಿಬಿರಗಳಲ್ಲಿಯೂ ಖಾಲಿ ನೆಲದಲ್ಲಿಯೂ ತಾವೇ ಬಿದಿರಿನ ಗುಡಿಸಲು ಕಟ್ಟಿಕೊಂಡರು, ರಸ್ತೆ ಗುರುತಿಸಿದರು, ಶಾಲೆ ತೆರೆದರು. ಜಾದವಪುರದ ಬಳಿಯ ವಿಜಯಗಢ, ನೇತಾಜಿ ನಗರ ಮೊದಲಾದ ಬಡಾವಣೆಗಳು ಹೀಗೆ ಹುಟ್ಟಿದವು. ಇಂದು ಅವು ಕೋಲ್ಕತದ ಗೌರವಾನ್ವಿತ ಬಡಾವಣೆಗಳು. ಇನ್ನು ಕೆಲವರನ್ನು 1958ರಲ್ಲಿ ಆರಂಭವಾದ ದಂಡಕಾರಣ್ಯ ಯೋಜನೆಯಡಿ ನೂರಾರು ಮೈಲಿ ದೂರದ ಕಾಡುಪ್ರದೇಶಕ್ಕೆ ಕಳುಹಿಸಲಾಯಿತು. ನದಿ, ಮೀನು, ಭತ್ತದ ಗದ್ದೆಗಳ ನಡುವೆ ಬೆಳೆದವರಿಗೆ ಆ ಒಣನೆಲವು ಒಗ್ಗಲಿಲ್ಲ. 1978ರಲ್ಲಿ ಸಾವಿರಾರು ಮಂದಿ ಹಿಂದಿರುಗಿ ಸುಂದರಬನದ ಮರೀಚ್‌ಝಾಂಪಿ ದ್ವೀಪದಲ್ಲಿ ನೆಲೆಸಿದರು. 1979ರಲ್ಲಿ ಅವರನ್ನು ಬಲಪ್ರಯೋಗದಿಂದ ತೆರವುಗೊಳಿಸಿದ ಪ್ರಕರಣದಲ್ಲಿ ಜೀವಹಾನಿಯೂ ಆಯಿತು. ದುಡಿಮೆಗೂ ಬಳಗಕ್ಕೂ ಹತ್ತಿರವಿದ್ದ ಗುಡಿಸಲು ಮನೆಯಾಗಿ ಬೆಳೆಯಿತು. ಅವೆರಡರಿಂದಲೂ ದೂರವಿದ್ದ ನೆಲವು ಅನೇಕರನ್ನು ಮತ್ತೆ ಅಲೆಮಾರಿಗಳನ್ನಾಗಿ ಮಾಡಿತು.

ಮೂರನೆಯದು ಸತ್ಕಾರದ ವಿಚಾರ. 1952ರ ಆಗಸ್ಟ್ 22ರಂದು ಮದರ್ ತೆರೇಸಾ ಅವರು ಕಾಳಿಘಾಟಿನಲ್ಲಿ ನಿರ್ಮಲ ಹೃದಯವನ್ನು ತೆರೆದರು. ಕಾಳಿ ದೇವಾಲಯದ ಪಕ್ಕದಲ್ಲಿದ್ದ ಆ ಕಟ್ಟಡವು ಹಿಂದೆ ಯಾತ್ರಿಕರ ಧರ್ಮಶಾಲೆಯಾಗಿತ್ತು. ನಗರಸಭೆಯು ಅದನ್ನು ಈ ಕಾರ್ಯಕ್ಕೆಂದು ಬಿಟ್ಟುಕೊಟ್ಟಿತು. ಮನೆಯಿದ್ದ ಯಾತ್ರಿಕನಿಗಾಗಿ ಕಟ್ಟಿದ ಛತ್ರವು ಮನೆಯೇ ಇಲ್ಲದ ಮರಣಾಸನ್ನನಿಗೆ ತೆರೆದುಕೊಂಡಿತು. ಮೈ ತೊಳೆದು, ಒಣಬಟ್ಟೆ ಉಡಿಸಿ, ಕೊನೆಯ ಗುಟುಕು ನೀರನ್ನು ಹಾಕುವವರು ಒಬ್ಬರಿರಬೇಕೆಂಬ ಹಂಬಲವು ಅಲ್ಲಿ ಕೆಲಸ ಮಾಡಿತು. ಅದೇ ಸಂಸ್ಥೆಯ ವಿಷಯದಲ್ಲಿ 1994ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಸಂಪಾದಕ ರಾಬಿನ್ ಫಾಕ್ಸ್ ಅವರು ಒಂದು ಆಕ್ಷೇಪವನ್ನೂ ಎತ್ತಿದರು. ರೋಗನಿರ್ಣಯ ಸಾಲದು, ನೋವು ಶಮನದ ಔಷಧವೂ ಸಾಲದು ಎಂಬುದು ಅದರ ಸಾರ. ಎರಡನ್ನೂ ಒಟ್ಟಿಗೆ ನೆನೆಯುವುದೇ ನ್ಯಾಯ. ಪ್ರೀತಿಯಿಂದ ಮೈದಡವುವುದು ಸತ್ಕಾರದ ಅರ್ಧ. ವೈದ್ಯನನ್ನು ಕರೆತರುವುದು ಅದರ ಇನ್ನೊಂದು ಅರ್ಧ.

ಈಗ ಕಾನೂನಿನ ಕಡೆಗೆ ಬರೋಣ. ಚಳಿಯಲ್ಲಿ ಬೀದಿಯಲ್ಲಿರುವವರ ರಕ್ಷಣೆಯು ಜೀವಿಸುವ ಹಕ್ಕಿನ ಭಾಗವೆಂಬ ನೆಲೆಯಲ್ಲಿ 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಾತ್ರಿ ಆಶ್ರಯಗಳ ಕುರಿತು ಆದೇಶಗಳನ್ನು ನೀಡಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮಗಳು ಇದನ್ನು ವಿಶದಪಡಿಸಿದವು. ಪ್ರತಿ ಒಂದು ಲಕ್ಷ ನಗರವಾಸಿಗಳಿಗೆ ಕನಿಷ್ಠ 100 ಮಂದಿ ತಂಗಬಹುದಾದ ಒಂದು ಶಾಶ್ವತ ಆಶ್ರಯ. ತಲೆಗೆ 50 ಚದರ ಅಡಿ ಸ್ಥಳ. ಹಗಲೂ ರಾತ್ರಿಯೂ ತೆರೆದ ಬಾಗಿಲು. ಕುಡಿಯುವ ನೀರು, ಶೌಚಾಲಯ, ಅಡುಗೆಗೆ ಸ್ಥಳ, ಗಂಟುಮೂಟೆ ಇಡಲು ಬೀಗವಿರುವ ಪೆಟ್ಟಿಗೆ. ನಿಯಮಗಳು ಉತ್ತಮವಾಗಿವೆ. ಆದರೆ ಒಂದು ಸರಳ ಲೆಕ್ಕವನ್ನು ಮಾಡಿ ನೋಡಬೇಕು. 2011ರಲ್ಲಿ ಕೋಲ್ಕತ ನಗರದ ಜನಸಂಖ್ಯೆ ಸುಮಾರು 45 ಲಕ್ಷ. ನಿಯಮದ ಕನಿಷ್ಠವನ್ನು ಅಕ್ಷರಶಃ ಪಾಲಿಸಿದರೆ 45 ಆಶ್ರಯಗಳಾಗುತ್ತವೆ. ಅವುಗಳಲ್ಲಿ 4,500 ಮಂದಿ ಮಲಗಬಹುದು. ಬೀದಿಯಲ್ಲಿದ್ದವರು 70 ಸಾವಿರ. ಹದಿನೈದು ಮಂದಿಯಲ್ಲಿ ಒಬ್ಬನಿಗೆ ಮಾತ್ರ ಹಾಸಿಗೆ. ಉಳಿದ ಹದಿನಾಲ್ವರು ಅಂದು ರಾತ್ರಿಯೂ ಬೀದಿಯಲ್ಲಿಯೇ.

ಆದ್ದರಿಂದ ಆಶ್ರಯವನ್ನು ಕಟ್ಟಿ ಕಾಯುವುದಷ್ಟೇ ಸಾಲದು. ಸಹಾಯವು ತಾನೇ ಎದ್ದು ಬೀದಿಗೆ ನಡೆಯಬೇಕು. ಈ ಮಾತನ್ನು ಕಾರ್ಯರೂಪಕ್ಕೆ ತಂದವರು ಕೋಲ್ಕತದಲ್ಲಿಯೇ ಇದ್ದಾರೆ. 2007ರಲ್ಲಿ ಸ್ಥಾಪನೆಯಾದ ಈಶ್ವರ ಸಂಕಲ್ಪ ಎಂಬ ಸಂಸ್ಥೆಯು ಬೀದಿಯಲ್ಲಿ ಅಲೆಯುವ ಮಾನಸಿಕ ಅಸ್ವಸ್ಥರ ಸೇವೆಯನ್ನು ಕೈಗೊಂಡಿತು. ಅವರನ್ನು ಹಿಡಿದು ಒಯ್ಯುವುದರಿಂದ ಅದು ಆರಂಭಿಸಲಿಲ್ಲ. ಕಾರ್ಯಕರ್ತರು ಆ ವ್ಯಕ್ತಿ ಕುಳಿತ ಮೂಲೆಗೇ ಹೋದರು, ದಿನಗಟ್ಟಲೆ ಮಾತನಾಡಿಸಿದರು, ವೈದ್ಯರನ್ನು ಅಲ್ಲಿಗೇ ಕರೆತಂದರು. ದಿನದ ಮಾತ್ರೆಯನ್ನು ನುಂಗಿಸುವವರು ಯಾರು? ಅದಕ್ಕೆ ಎದುರಿನ ಚಹಾದಂಗಡಿಯವರನ್ನು, ಪಕ್ಕದ ಅನ್ನದ ಹೋಟೆಲಿನವರನ್ನು ಒಪ್ಪಿಸಿದರು. ಹಿಂದಿನಿಂದಲೂ ಆ ವ್ಯಕ್ತಿಗೆ ಒಂದು ಬನ್ನು, ಒಂದು ಲೋಟ ಚಹಾ ಕೊಡುತ್ತಿದ್ದವರು ಅವರೇ ಅಲ್ಲವೇ? ಅವರ ದಯೆಗೆ ಔಷಧದ ಜ್ಞಾನವೊಂದು ಸೇರಿತು. ಬೀದಿಯಲ್ಲಿ ರಾತ್ರಿ ಕಳೆಯುವುದು ಸ್ತ್ರೀಯರಿಗೆ ಅತ್ಯಂತ ಅಪಾಯಕರವಾದುದರಿಂದ, 2010ರಲ್ಲಿ ನಗರಪಾಲಿಕೆಯ ಸಹಕಾರದಿಂದ ಅವರಿಗಾಗಿ ಸರ್ಬರಿ ಎಂಬ ಆಶ್ರಯವೂ ತೆರೆಯಿತು. ಬೀದಿಯಲ್ಲಿಯೇ ಆರೈಕೆ ಸಾಧ್ಯವಿರುವವರಿಗೆ ಅಲ್ಲಿಯೇ ಆರೈಕೆ, ಸೂರು ಅನಿವಾರ್ಯವಾದವರಿಗೆ ಸೂರು. ಪಾತ್ರಕ್ಕೆ ತಕ್ಕ ದಾನವೆಂದರೆ ಇದೇ.

ಕಾಲದ ವಿಚಾರವೂ ಇಲ್ಲಿಯೇ ಬರುತ್ತದೆ. ಕಂಬಳಿಯ ದಾನವು ಜನವರಿಯಲ್ಲಿ ವಿಪುಲವಾಗಿ ನಡೆಯುತ್ತದೆ. ಕೋಲ್ಕತದಲ್ಲಿ ಸೂರಿಲ್ಲದವನಿಗೆ ಮಳೆಗಾಲವೂ ಅಷ್ಟೇ ಕಠಿಣ. ನೆಲವೆಲ್ಲ ನೀರಾದಾಗ ಮಲಗುವುದೆಲ್ಲಿ? 2020ರ ಮಾರ್ಚ್‌ನಲ್ಲಿ ಎಲ್ಲರೂ ಮನೆಯಲ್ಲಿಯೇ ಇರಬೇಕೆಂಬ ಆಜ್ಞೆಯಾಯಿತು; ಮನೆಯಿಲ್ಲದವರು ಎಲ್ಲಿರಬೇಕೆಂಬ ಪ್ರಶ್ನೆ ಉಳಿಯಿತು. ಎರಡು ತಿಂಗಳು ಕಳೆಯುವುದರೊಳಗೆ, ಮೇ 20ರಂದು ಆಂಫಾನ್ ಚಂಡಮಾರುತವು ನಗರವನ್ನು ಅಪ್ಪಳಿಸಿತು. ಹಗಲಿನ ಅನ್ನಸಂತರ್ಪಣೆಯಿಂದ ಇಂಥ ರಾತ್ರಿಯನ್ನು ದಾಟಲಾಗದು. ಗಾಳಿ ಮಳೆಯ ಮುನ್ಸೂಚನೆ ಬಂದ ಸಂಜೆಯೇ ಒಂದು ಸಭಾಂಗಣದ ಬಾಗಿಲನ್ನು ತೆರೆದಿಡುವುದು ಆಗ ದೊಡ್ಡ ದಾನವಾಗುತ್ತದೆ.

ಸೂರಿಲ್ಲದವನಿಗೆ ಸೂರಿನಷ್ಟೇ ಅಗತ್ಯವಾದ ಮತ್ತೊಂದು ವಸ್ತುವಿದೆ: ಕಾಗದಪತ್ರ. ವಿಳಾಸವಿಲ್ಲದೆ ಪಡಿತರವಿಲ್ಲ, ಬ್ಯಾಂಕಿನ ಖಾತೆಯಿಲ್ಲ, ವೃದ್ಧಾಪ್ಯ ವೇತನವಿಲ್ಲ. ಚುನಾವಣಾ ಆಯೋಗದ ಕೈಪಿಡಿಯಲ್ಲಿ ಒಂದು ಸುಂದರವಾದ ಅವಕಾಶವಿದೆ. ಮನೆಯಿಲ್ಲದವನು ತಾನು ಮಲಗುವ ಸ್ಥಳವನ್ನೇ ತಿಳಿಸಬಹುದು. ಮತಗಟ್ಟೆಯ ಅಧಿಕಾರಿಯು ಒಂದಕ್ಕಿಂತ ಹೆಚ್ಚು ರಾತ್ರಿ ಅಲ್ಲಿಗೆ ಹೋಗಿ, ಆತನು ಅಲ್ಲಿ ಮಲಗುವುದನ್ನು ಕಂಡು ಖಚಿತಪಡಿಸಿಕೊಳ್ಳಬೇಕು. ಇಂಥ ಅರ್ಜಿಯನ್ನು ತುಂಬಿಕೊಡಲು, ಕಚೇರಿಗೆ ಜೊತೆಯಲ್ಲಿ ಹೋಗಲು ಅಕ್ಷರಬಲ್ಲವರು ಬೇಕು. ಅದಕ್ಕೆ ಹಣ ಬೇಕಿಲ್ಲ. ಒಂದು ಮಧ್ಯಾಹ್ನ ಬೇಕು.

ಇನ್ನೊಂದು ಸೇವೆಯು ಭಾಷೆಯದು. ಬುದ್ಧಿ ಕದಡಿ ರೈಲು ಹತ್ತಿದವರು ಸಾವಿರ ಮೈಲಿ ದೂರದ ನಗರದಲ್ಲಿ ಇಳಿದು, ತಮ್ಮ ಮಾತನ್ನು ಅರಿಯುವವರಿಲ್ಲದೆ ಮೂಕರಾಗುವುದುಂಟು. ಪಶ್ಚಿಮ ಬಂಗಾಳ ರೇಡಿಯೋ ಕ್ಲಬ್ಬಿನ ಹ್ಯಾಮ್ ರೇಡಿಯೋ ಹವ್ಯಾಸಿಗಳು ಗಂಗಾಸಾಗರ ಮೇಳದಲ್ಲಿಯೂ ಇತರೆಡೆಗಳಲ್ಲಿಯೂ ದಿಕ್ಕುತಪ್ಪಿದವರ ನುಡಿಯ ಜಾಡನ್ನು ಹಿಡಿದು, ದೇಶದ ಮೂಲೆಮೂಲೆಯ ತಮ್ಮ ಬಳಗದ ಮೂಲಕ ಊರನ್ನು ಹುಡುಕಿ ಮನೆ ಸೇರಿಸುತ್ತಾರೆ. ಮಹಾರಾಷ್ಟ್ರದ ಕರ್ಜತ್‌ನ ಶ್ರದ್ಧಾ ಪುನರ್ವಸತಿ ಪ್ರತಿಷ್ಠಾನವೂ ಇದೇ ಕಾರ್ಯದಲ್ಲಿ ತೊಡಗಿದೆ. ಅದರ ಸ್ಥಾಪಕ ಡಾ. ಭರತ್ ವಾಟ್ವಾನಿಯವರಿಗೆ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಸ್ನೇಹಾಲಯವು ಅಂಥದೇ ಸೇವೆಗೆ ಕನ್ನಡಿಗರಿಗೆ ಸಮೀಪದ ಉದಾಹರಣೆ. ಪರಊರಿನಲ್ಲಿ ನೆಲೆಸಿದ ಕನ್ನಡಿಗರು ದೂರವಾಣಿಯಲ್ಲಿ ನಾಲ್ಕು ಮಾತನಾಡಿ, ಇದು ಧಾರವಾಡದ ಕಡೆಯ ನುಡಿ, ಇದು ಕರಾವಳಿಯದು ಎಂದು ಗುರುತಿಸಿಕೊಟ್ಟರೂ ಒಂದು ಕುಟುಂಬವು ಒಂದಾಗಬಲ್ಲದು.

ಕೋಲ್ಕತದ ಮಾತು ಕೇಳಿ ಕನ್ನಡ ನಾಡಿನವರು ನಿಶ್ಚಿಂತರಾಗಿರುವಂತಿಲ್ಲ. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯಿದೆಯಿದೆ. ಆಸ್ತಿತೆರಿಗೆಯ ಜೊತೆಗೆ ಶೇಕಡಾ 3ರಷ್ಟು ಭಿಕ್ಷುಕರ ಕರವನ್ನು ಮನೆಯುಳ್ಳವರೆಲ್ಲರೂ ಕಟ್ಟುತ್ತಾರೆ. ಆ ಹಣದಿಂದ ನಡೆಯುವ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಮರಣ ಹೊಂದಿದ್ದು ನಾಡನ್ನೇ ತಲ್ಲಣಗೊಳಿಸಿತು. ಹಣವಿತ್ತು, ಕಟ್ಟಡವಿತ್ತು, ಕಾಯಿದೆಯಿತ್ತು. ಕರವನ್ನು ಕಟ್ಟಿದವರಲ್ಲಿ ಎಷ್ಟು ಮಂದಿ ಅದಕ್ಕೆ ಮುನ್ನ ಒಮ್ಮೆಯಾದರೂ ಆ ಆವರಣದೊಳಗೆ ಹೋಗಿ, ಅಲ್ಲಿನ ಅನ್ನ ನೀರುಗಳನ್ನು ಕಂಡು ಬಂದಿದ್ದರು ಎಂಬುದು ಪ್ರತಿಯೊಬ್ಬರೂ ತಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ.

ಕೊನೆಯದಾಗಿ, ಗೃಹಸ್ಥರು ಸುಲಭವಾಗಿ ಆಚರಿಸಬಹುದಾದ ಕೆಲವು ಸಂಗತಿಗಳು. ಬೀದಿಯಲ್ಲಿ ಒಬ್ಬರನ್ನು ಕಂಡಾಗ ಮೊದಲು ಹೆಸರು ಕೇಳಬೇಕು, ಏನು ಬೇಕೆಂದು ಕೇಳಬೇಕು, ಅನಂತರ ಕೊಡಬೇಕು. ಎಲ್ಲಿಗಾದರೂ ಕರೆದೊಯ್ಯುವುದಾದರೆ ಅವರ ಗಂಟುಮೂಟೆಯೂ ಜೊತೆಗಾರರೂ ಹಿಂದುಳಿಯದಂತೆ ನೋಡಬೇಕು. ತುರ್ತು ಸ್ಥಿತಿಗೆ 112, ಮಕ್ಕಳಿಗೆ 1098, ನಿರ್ಗತಿಕ ವೃದ್ಧರಿಗೆ 14567 ಎಂಬ ದೂರವಾಣಿ ಸಂಖ್ಯೆಗಳಿವೆ. ಮಾನಸಿಕ ಅಸ್ವಸ್ಥರಾಗಿ ಅಲೆಯುವವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡು 24 ಗಂಟೆಗಳೊಳಗೆ ಸರ್ಕಾರಿ ಚಿಕಿತ್ಸಾಲಯಕ್ಕೆ ತಲುಪಿಸಬೇಕು, ಅವರನ್ನು ಲಾಕಪ್ಪಿನಲ್ಲಿ ಇರಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯಿದೆಯ 100ನೆಯ ಪ್ರಕರಣವು ವಿಧಿಸಿದೆ. ಠಾಣೆಯಲ್ಲಿ ವಿನಯದಿಂದ ಇದನ್ನು ನೆನಪಿಸಬಹುದು. ಸಭಾಂಗಣಗಳುಳ್ಳ ಸಂಸ್ಥೆಗಳು ಮಳೆಯ, ಚಳಿಯ ಕೆಲವು ರಾತ್ರಿಗಳಿಗಾದರೂ ಬಾಗಿಲು ತೆರೆಯುವ ಏರ್ಪಾಡನ್ನು ಈಗಲೇ ಯೋಚಿಸಿಡಬಹುದು. ಊರಿನ ಆಶ್ರಯ ಕೇಂದ್ರಕ್ಕೆ ಹಬ್ಬದ ದಿನ ಸಿಹಿ ಒಯ್ಯುವವರು ಸಾಮಾನ್ಯ ದಿನವೊಂದರಂದು ಬರಿಗೈಯಲ್ಲಿಯಾದರೂ ಹೋಗಿ, ನೀರು ಬರುತ್ತಿದೆಯೇ, ವೈದ್ಯರು ಬರುತ್ತಿದ್ದಾರೆಯೇ, ಹೆಂಗಸರ ಕೊಠಡಿಗೆ ಒಳಗಿನಿಂದ ಚಿಲಕವಿದೆಯೇ ಎಂದು ನೋಡಿಬರಬಹುದು.

ಅತಿಥಿಯೆಂದರೆ ತಿಥಿಯನ್ನು ತಿಳಿಸದೆ ಬರುವವನು. ಮನೆಯಿಲ್ಲದವನಿಗೆ ಎಲ್ಲ ತಿಥಿಗಳೂ ಒಂದೇ. ಇಂದು ರಾತ್ರಿಯೂ ಆತನು ಎಲ್ಲಿಯೋ ಒಂದು ಜಗಲಿಯ ಮೇಲೆ ಗೋಣಿಯನ್ನು ಹಾಸುತ್ತಿದ್ದಾನೆ. ಅವನಿರುವ ಸ್ಥಳಕ್ಕೆ, ಅವನಿಗೆ ಬೇಕಾದ ಹೊತ್ತಿಗೆ, ಅವನ ಮಾತನ್ನು ಕೇಳಿ ಕೊಡುವ ಬುದ್ಧಿಯನ್ನು ಭಗವಂತನು ಎಲ್ಲರಿಗೂ ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು.